ಕಾರಿನ ರೇಡಿಯೊದಲ್ಲಿ ಕೇಳಿದ ಹಾಡು: ಇಮವನೊ ಕಿಯೊಶಿರೋ ಮತ್ತು ಜಪಾನಿ ನುಡಿಯ ಸೋಲ್ ಸಂಗೀತ

ಹೊರನಾಡಿನ ಸಂಗೀತವೊಂದು ಮತ್ತೊಂದು ನಾಡಿನ ನುಡಿಯಲ್ಲಿ ಬೇರುಬಿಡುವುದು ಒಂದೇ ದಿನದಲ್ಲಿ ನಡೆಯುವ ಸಂಗತಿಯಲ್ಲ. ಮೊದಲು ಅದು ಕಿವಿಗೆ ಬೀಳುತ್ತದೆ, ಆಮೇಲೆ ಅನುಕರಣೆಯಾಗಿ ನಾಲಗೆಗೆ ಬರುತ್ತದೆ, ಕೊನೆಗೊಮ್ಮೆ ಯಾರದೋ ದನಿಯಲ್ಲಿ ಆ ನಾಡಿನ ಮನೆಮಾತಿನಷ್ಟೇ ಸಹಜವಾಗಿ ಕೇಳಿಸತೊಡಗುತ್ತದೆ. ಅಮೆರಿಕದ ಕಪ್ಪುಜನರ ಸೋಲ್ ಸಂಗೀತ ಜಪಾನಿನಲ್ಲಿ ಹೀಗೆ ನೆಲೆಗೊಂಡ ಚರಿತ್ರೆಯನ್ನು ಬರೆಯುವವರು ದಾಟಿಹೋಗಲಾಗದ ಹಾಡು ‘ಸ್ಲೋ ಬ್ಯಾಲಡ್’. ಆರ್‌ಸಿ ಸಕ್ಸೆಷನ್ ಎಂಬ ತಂಡ 1976ರ ಜನವರಿಯಲ್ಲಿ ಹೊರತಂದ ಈ ಹಾಡು ಬಿಡುಗಡೆಯಾದ ಹೊತ್ತಿನಲ್ಲಿ ಹೆಚ್ಚು ಮಾರಾಟವಾಗಲಿಲ್ಲ, ಅದನ್ನು ಒಳಗೊಂಡ ಆಲ್ಬಂ ಕೆಲವೇ ಕಾಲದಲ್ಲಿ ಅಂಗಡಿಗಳಿಂದ ಮರೆಯಾಯಿತು. ಆದರೂ ಅದನ್ನು ಹಾಡಿದ ಇಮವನೊ ಕಿಯೊಶಿರೋ 2009ರ ಮೇ 2ರಂದು ತೀರಿಕೊಂಡಾಗ, ಜಪಾನಿನ ಅಸಂಖ್ಯ ಕೇಳುಗರ ನೆನಪಿಗೆ ಮೊದಲು ಬಂದ ಹಾಡುಗಳಲ್ಲಿ ಇದೂ ಒಂದಾಗಿತ್ತು. ಒಂದು ಊರು, ಒಂದು ನುಡಿಯ ಅಳತೆ ಮತ್ತು ಕೇಳುಗರ ಹಟ, ಈ ಮೂರೂ ಕೂಡಿದ್ದರಿಂದಲೇ ಹಾಡು ಉಳಿಯಿತು ಎಂಬುದನ್ನು ಅದರ ಚರಿತ್ರೆ ತೋರಿಸಿಕೊಡುತ್ತದೆ.

ಊರು

ಜಪಾನಿನ ರೂಢಿಯಂತೆ ಕುಲನಾಮವನ್ನು ಮೊದಲಿಟ್ಟು ಹೇಳುವುದಾದರೆ ಕಿಯೊಶಿರೋ ಅವರ ಹುಟ್ಟುಹೆಸರು ಕುರಿಹರ ಕಿಯೊಶಿ. ಅವರು 1951ರ ಏಪ್ರಿಲ್ 2ರಂದು ಟೋಕಿಯೊದ ನಕನೊದಲ್ಲಿ ಹುಟ್ಟಿ, ಅದೇ ಮಹಾನಗರದ ಪಶ್ಚಿಮದ ಅಂಚಿನಲ್ಲಿರುವ ಕುನಿತಚಿ ಎಂಬ ಊರಿನಲ್ಲಿ ಬೆಳೆದರು. ಈ ಊರು ಹಳೆಯ ಕೋಟೆಯ ಸುತ್ತಲೋ ದೇಗುಲದ ಸುತ್ತಲೋ ಬೆಳೆದದ್ದಲ್ಲ, ರೈಲಿನ ಜೊತೆಗೆ ಹುಟ್ಟಿದ್ದು. 1923ರ ಮಹಾಭೂಕಂಪದ ನಂತರ ಟೋಕಿಯೊದ ವಾಣಿಜ್ಯ ವಿಶ್ವವಿದ್ಯಾಲಯ, ಅಂದರೆ ಇಂದಿನ ಹಿತೊತ್ಸುಬಶಿ ವಿಶ್ವವಿದ್ಯಾಲಯ, ನಗರದ ನಡುವಿನಿಂದ ಇಲ್ಲಿಗೆ ಸ್ಥಳಾಂತರಗೊಂಡಿತು. ಅದಕ್ಕಾಗಿ ಕಾಡನ್ನು ಕಡಿದು ಅಗಲವಾದ ಮುಖ್ಯಬೀದಿಯನ್ನು ಹಾಸಿದರು, 1926ರಲ್ಲಿ ಕೆಂಪು ತ್ರಿಕೋನ ಮಾಡಿನ ನಿಲ್ದಾಣವನ್ನು ತೆರೆದರು. ಪೂರ್ವದ ಕೊಕುಬುಂಜಿ ಮತ್ತು ಪಶ್ಚಿಮದ ತಚಿಕವ ಎಂಬ ಎರಡು ನಿಲ್ದಾಣಗಳ ಹೆಸರಿನಿಂದ ಒಂದೊಂದು ಲಿಪಿಚಿಹ್ನೆಯನ್ನು ತೆಗೆದು ಜೋಡಿಸಿದ್ದರಿಂದ ಕುನಿತಚಿ ಎಂಬ ಹೆಸರು ಹುಟ್ಟಿತೆಂಬುದು ಈ ಊರಿನ ಸ್ವಭಾವವನ್ನೇ ಹೇಳುತ್ತದೆ: ಅದು ಎರಡು ಊರುಗಳ ನಡುವೆ, ಯೋಜನೆಯ ಮೇಲೆ ಎದ್ದುನಿಂತ ಉಪನಗರ.

ತಚಿಕವದಲ್ಲಿ ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ವಾಯುಪಡೆಯ ದೊಡ್ಡ ನೆಲೆಯಿತ್ತು. 1950ರಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಆ ನೆಲೆಯ ಸೈನಿಕರನ್ನು ನೆಚ್ಚಿಕೊಂಡ ಮದ್ಯದಂಗಡಿಗಳೂ ವೇಶ್ಯಾಗೃಹಗಳೂ ಕುನಿತಚಿಯವರೆಗೆ ಹರಡತೊಡಗಿದವು. ಊರಿನ ನಿವಾಸಿಗಳು, ಅವರಲ್ಲೂ ತಾಯಂದಿರು ಮತ್ತು ವಿದ್ಯಾರ್ಥಿಗಳು, ಇದರ ವಿರುದ್ಧ ಚಳವಳಿ ಹೂಡಿದ್ದರಿಂದ 1952ರಲ್ಲಿ ಕುನಿತಚಿಯನ್ನು ಶಿಕ್ಷಣ ವಲಯವೆಂದು ಘೋಷಿಸಲಾಯಿತು. ಅಂಥ ವಲಯದಲ್ಲಿ ಮದ್ಯ ಮತ್ತು ಮನರಂಜನೆಯ ವ್ಯಾಪಾರಕ್ಕೆ ನಿರ್ಬಂಧವಿರುತ್ತದೆ. ಹೀಗೆ ಕಿಯೊಶಿರೋ ಅವರ ಬಾಲ್ಯ ಕಳೆದ ಊರು ಹಗಲಿನಲ್ಲಿ ವಿದ್ಯಾರ್ಥಿಗಳೂ ಗಿಂಕ್ಗೊ ಮರಗಳೂ ತುಂಬಿದ ಶಾಂತವಾದ ಪಟ್ಟಣವಾಗಿತ್ತು, ಪಕ್ಕದ ನಿಲ್ದಾಣದಲ್ಲಿ ಮಾತ್ರ ಅಮೆರಿಕ ಇತ್ತು. ಆ ವಾಯುನೆಲೆ ಪೂರ್ತಿಯಾಗಿ ಜಪಾನಿಗೆ ಹಿಂದಿರುಗಿದ್ದು 1977ರಲ್ಲಿ, ‘ಸ್ಲೋ ಬ್ಯಾಲಡ್’ ಬಂದ ಮರುವರ್ಷ.

ಶಿಕ್ಷಣ ವಲಯದ ನಿಯಮ ಅಂಗಡಿಗಳನ್ನು ತಡೆಯಬಲ್ಲದಾಗಿತ್ತು, ಗಾಳಿಯ ಅಲೆಗಳನ್ನಲ್ಲ. ಫಾರ್ ಈಸ್ಟ್ ನೆಟ್‌ವರ್ಕ್ ಎಂಬ ಹೆಸರಿನಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗಾಗಿ ನಡೆಸುತ್ತಿದ್ದ ಬಾನುಲಿ ಟೋಕಿಯೊದಲ್ಲಿ 810 ಕಿಲೋಹರ್ಟ್ಸ್ ಕಂಪನಾಂಕದಲ್ಲಿ ಕೇಳಿಸುತ್ತಿತ್ತು. ಅದು ಯಾರಿಗಾಗಿ ಪ್ರಸಾರವಾಗುತ್ತಿತ್ತೋ ಅವರಿಗಿಂತ ಹೆಚ್ಚು ಶ್ರದ್ಧೆಯಿಂದ ಅದನ್ನು ಕೇಳಿದವರು ಜಪಾನಿನ ಹರೆಯದವರು. ಆ ತಲೆಮಾರಿನ ಅನೇಕ ಸಂಗೀತಗಾರರು ಇಂಗ್ಲಿಷಿನ ಮಾತು ಅರ್ಥವಾಗುವ ಮೊದಲೇ ಅದರ ಲಯವನ್ನು ಈ ಬಾನುಲಿಯಿಂದ ಕಲಿತರು. ದೂರದ ದನಿ ಬಾನುಲಿಯ ಮೂಲಕ ಮಾಮೂಲಿ ಜಾಗವೊಂದಕ್ಕೆ ಬಂದು ತಲುಪುವುದೇ ಕಿಯೊಶಿರೋ ಅವರ ಹಾಡುಗಳಲ್ಲಿ ಮತ್ತೆ ಮತ್ತೆ ಕಾಣುವ ಸನ್ನಿವೇಶವಾಗಿರುವುದರ ಹಿನ್ನೆಲೆಯಲ್ಲಿ ಈ ಚರಿತ್ರೆ ಇದೆ.

ಮೆಂಫಿಸ್‌ನಿಂದ ಬಂದ ದನಿ

ಸೋಲ್ ಎಂಬ ಪದದ ಅರ್ಥ ಆತ್ಮ. ಕಪ್ಪುಜನರ ಇಗರ್ಜಿಗಳಲ್ಲಿ ಬೆಳೆದ ಗಾಸ್ಪೆಲ್ ಭಕ್ತಿಗಾಯನದ ಆವೇಶವನ್ನು ಲೌಕಿಕ ಪ್ರೇಮಗೀತೆಗೆ ತಂದು, ಅದಕ್ಕೆ ರಿದಮ್ ಆಂಡ್ ಬ್ಲೂಸ್ ಎಂಬ ಕುಣಿತದ ಸಂಗೀತದ ತಾಳವನ್ನು ಕೊಟ್ಟಾಗ 1950ರ ದಶಕದ ಕೊನೆಯಲ್ಲಿ ಈ ಪ್ರಕಾರ ರೂಪುಗೊಂಡಿತು. ಅದರ ದಕ್ಷಿಣದ ಶೈಲಿಗೆ ಕೇಂದ್ರವಾದದ್ದು ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರ. ಅಲ್ಲಿ ಹಳೆಯ ಚಿತ್ರಮಂದಿರವೊಂದನ್ನು ಧ್ವನಿಮುದ್ರಣಾಲಯ ಮಾಡಿಕೊಂಡಿದ್ದ ಸ್ಟ್ಯಾಕ್ಸ್ ಕಂಪನಿಯಲ್ಲಿ ಬುಕರ್ ಟಿ. ಆಂಡ್ ದಿ ಎಂ.ಜಿ.ಸ್ ಎಂಬ ವಾದ್ಯವೃಂದ ಗಾಯಕರಿಗೆ ಪಕ್ಕವಾದ್ಯ ನುಡಿಸುತ್ತಿತ್ತು. ಆ ಗಾಯಕರಲ್ಲಿ ಅತ್ಯಂತ ಪ್ರಸಿದ್ಧರಾದ ಓಟಿಸ್ ರೆಡ್ಡಿಂಗ್ 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆ ಉತ್ಸವದಲ್ಲಿ ಬಿಳಿಯ ರಾಕ್ ಕೇಳುಗರನ್ನು ಗೆದ್ದು, ಅದೇ ವರ್ಷದ ಡಿಸೆಂಬರ್ 10ರಂದು ವಿಸ್ಕಾನ್ಸಿನ್‌ನ ಸರೋವರವೊಂದಕ್ಕೆ ವಿಮಾನ ಬಿದ್ದು ತಮ್ಮ 26ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಗ ಕಿಯೊಶಿರೋ ಅವರಿಗೆ 16 ವರ್ಷ.

ರೆಡ್ಡಿಂಗ್ ಅವರ ಗಾಯನದ ಗುಟ್ಟು ದನಿಯ ಗಾತ್ರದಲ್ಲಿರಲಿಲ್ಲ, ಪದವನ್ನು ಒಡೆಯುವ ಬಗೆಯಲ್ಲಿತ್ತು. ಒಂದು ಅಕ್ಷರವನ್ನು ಎಳೆದು, ನಡುವೆ ತಡೆದು, ಮತ್ತೆ ಅದನ್ನೇ ತುಂಡುತುಂಡಾಗಿ ಉಚ್ಚರಿಸುತ್ತ, ಮಾತು ಸಾಲದೆ ಹೋದಾಗ ಬಾಯಿಂದ ಹೊರಡುವ ತೊದಲನ್ನೇ ಅವರು ತಾಳವನ್ನಾಗಿ ಮಾಡುತ್ತಿದ್ದರು. ಕಿಯೊಶಿರೋ ಅವರು ಕಡೆಯವರೆಗೂ ತಮ್ಮ ವೇದಿಕೆಯ ಮೇಲೆ ಇಟ್ಟುಕೊಂಡಿದ್ದ ‘ಗತ್ತ ಗತ್ತ’ ಎಂಬ ಕೂಗು ಈ ತೊದಲಿನಿಂದಲೇ ಬಂದದ್ದು; ಎಲ್ಲರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದೀರಾ ಎಂದು ಅವರು ಪ್ರತಿ ಪ್ರದರ್ಶನದಲ್ಲಿ ಕೇಳುಗರನ್ನು ಕೇಳುತ್ತಿದ್ದ ಪ್ರಶ್ನೆಗೆ ಮಾಂಟೆರೆಯಲ್ಲಿ ರೆಡ್ಡಿಂಗ್ ಜನರ ಮುಂದಿಟ್ಟ ಪ್ರಶ್ನೆಯೇ ಮೂಲ. ಆದರೆ ಕೂಗನ್ನೂ ಪ್ರಶ್ನೆಯನ್ನೂ ಎರವಲು ಪಡೆಯುವುದು ಸುಲಭ. ಪದವನ್ನು ಒಡೆಯುವ ಬಗೆಯನ್ನು ಬೇರೊಂದು ಭಾಷೆಗೆ ತರುವುದು ಕಷ್ಟ, ಯಾಕೆಂದರೆ ಪ್ರತಿಯೊಂದು ಭಾಷೆಯೂ ಬೇರೆ ಬೇರೆ ಜಾಗದಲ್ಲಿ ಒಡೆಯುತ್ತದೆ.

ನುಡಿಯ ಅಳತೆ

ಜಪಾನಿ ಭಾಷೆಯಲ್ಲಿ ರಾಕ್ ಹಾಡಲು ಸಾಧ್ಯವೇ ಎಂಬುದು 1970ರ ಸುಮಾರಿಗೆ ಆ ದೇಶದ ಸಂಗೀತ ವಲಯವನ್ನು ಎರಡು ಪಾಳೆಯಗಳಾಗಿ ಸೀಳಿದ ಪ್ರಶ್ನೆ. 1966ರಲ್ಲಿ ಬೀಟಲ್ಸ್ ಟೋಕಿಯೊದ ಬುದೋಕಾನ್ ಸಭಾಂಗಣದಲ್ಲಿ ಹಾಡಿಹೋದ ಮೇಲೆ ಗ್ರೂಪ್ ಸೌಂಡ್ಸ್ ಎಂಬ ಹೆಸರಿನ ತರುಣ ತಂಡಗಳ ಅಲೆ ಎದ್ದು, ಎರಡು ಮೂರು ವರ್ಷಗಳಲ್ಲಿ ಇಳಿದುಹೋಗಿತ್ತು; ಅವುಗಳ ಹಾಡುಗಳು ಜಪಾನಿಯಲ್ಲಿದ್ದರೂ ಹೆಚ್ಚಿನವನ್ನು ವೃತ್ತಿಪರ ರಚನಕಾರರು ಜನಪ್ರಿಯ ಗೀತೆಗಳ ಅಚ್ಚಿನಲ್ಲಿ ಬರೆದಿದ್ದರು. ಆಮೇಲೆ ಗಾಯಕ ಉಚಿದ ಯೂಯ ಮೊದಲಾದವರು ಜಗತ್ತಿನ ಮುಂದೆ ನಿಲ್ಲಬೇಕಾದರೆ ಇಂಗ್ಲಿಷಿನಲ್ಲೇ ಹಾಡಬೇಕು, ಜಪಾನಿ ಪದಗಳು ರಾಕ್‌ನ ತಾಳದ ಮೇಲೆ ಕೂರುವುದಿಲ್ಲ ಎಂದು ವಾದಿಸಿದರು. ಹಪ್ಪಿ ಎಂಡೊ ಎಂಬ ತಂಡ 1970 ಮತ್ತು 1971ರಲ್ಲಿ ತಂದ ಎರಡು ಆಲ್ಬಂಗಳಲ್ಲಿ ಕೂರುತ್ತವೆ ಎಂದು ಮಾಡಿ ತೋರಿಸಿತು. ನ್ಯೂ ಮ್ಯೂಸಿಕ್ ಮ್ಯಾಗಜೀನ್ ಎಂಬ ಪತ್ರಿಕೆಯ ಪುಟಗಳಲ್ಲಿ ನಡೆದ ಈ ವಾಗ್ವಾದವನ್ನು ಜಪಾನಿನ ಸಂಗೀತ ಚರಿತ್ರಕಾರರು ಜಪಾನಿ ರಾಕ್ ವಿವಾದ ಎಂದೇ ಕರೆಯುತ್ತಾರೆ.

ವಿವಾದದ ತಿರುಳನ್ನು ಹಿಡಿಯಲು ಕನ್ನಡದ ಓದುಗರಿಗೆ ತಮ್ಮದೇ ಛಂದಸ್ಸು ನೆರವಾಗುತ್ತದೆ. ಇಂಗ್ಲಿಷ್ ಒತ್ತಿನ ಮೇಲೆ ನಡೆಯುವ ಭಾಷೆ; ಒತ್ತು ಬಿದ್ದ ಅಕ್ಷರ ಗಟ್ಟಿಯಾಗಿ ಕೇಳಿಸುತ್ತದೆ, ಉಳಿದವು ಅದರ ನೆರಳಿನಲ್ಲಿ ಕುಗ್ಗಿಹೋಗುತ್ತವೆ, ರಾಕ್ ಮತ್ತು ಸೋಲ್‌ಗಳ ತಾಳ ಈ ಏರಿಳಿತದಿಂದಲೇ ಹುಟ್ಟಿದ್ದು. ಜಪಾನಿ ಭಾಷೆ ಮಾತ್ರೆಗಳ ಮೇಲೆ ನಡೆಯುತ್ತದೆ, ಕನ್ನಡದ ಷಟ್ಪದಿ ರಗಳೆಗಳಲ್ಲಿ ಎಣಿಸುವ ಮಾತ್ರೆಯೇ ಅದು: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ತಡೆಗೂ ಪದದ ಕೊನೆಯ ನಕಾರಕ್ಕೂ ಒಂದೊಂದು. ಜಪಾನಿಗಳ ಉಚ್ಚಾರದ ‘ತೋಕ್ಯೋ’ ಎರಡು ಗುರುಗಳಾಗಿ ನಾಲ್ಕು ಮಾತ್ರೆ, ‘ನಿಪ್ಪೊನ್’ ಕೂಡ ನಾಲ್ಕು ಮಾತ್ರೆ. ಹೆಚ್ಚಿನ ಪದಗಳು ಕನ್ನಡದ ಪದಗಳಂತೆ ಸ್ವರದಲ್ಲಿ ಕೊನೆಯಾಗುತ್ತವೆ. ಎಲ್ಲ ಮಾತ್ರೆಗಳೂ ಸಮನಾದ ತೂಕದಲ್ಲಿ ಸಾಲಾಗಿ ಬರುವ ಇಂಥ ನುಡಿಯನ್ನು ಒಂದು ಸ್ವರಕ್ಕೆ ಒಂದು ಮಾತ್ರೆಯಂತೆ ಜೋಡಿಸಿದರೆ ಅದು ಶಿಶುಗೀತೆಯಂತೆ ಸಪಾಟಾಗುತ್ತದೆ, ಇಂಗ್ಲಿಷಿನಂತೆ ಕುಗ್ಗಿಸಿ ಹಾಡಿದರೆ ಮಾತೇ ತಿಳಿಯದಂತಾಗುತ್ತದೆ.

ಈ ಇಕ್ಕಟ್ಟಿನಿಂದ ಹೊರಬರಲು 1970ರ ದಶಕದಲ್ಲಿ ಬೇರೆ ಬೇರೆ ದಾರಿಗಳನ್ನು ಹುಡುಕಲಾಯಿತು. ಒಸಾಕದ ಉಎದ ಮಸಕಿ ತಮ್ಮ ಸೌತ್ ಟು ಸೌತ್ ತಂಡದೊಂದಿಗೆ ಆ ಭಾಗದ ಆಡುನುಡಿಯ ಇಳಿಜಾರನ್ನು ಬಳಸಿ ಸೋಲ್ ಹಾಡಿದರು. ದಶಕದ ಕೊನೆಗೆ ಸದರ್ನ್ ಆಲ್ ಸ್ಟಾರ್ಸ್‌ನ ಕುವತ ಕೆಇಸುಕೆ ಜಪಾನಿ ಪದಗಳನ್ನು ಬೇಕೆಂದೇ ಹೊರಳಿಸಿ, ಇಂಗ್ಲಿಷಿನಂತೆ ಕೇಳುವ ಹಾಗೆ ಉಚ್ಚರಿಸಿ ಹೊಸ ಶೈಲಿಯೊಂದನ್ನು ಕಟ್ಟಿದರು. ಕಿಯೊಶಿರೋ ಹಿಡಿದ ದಾರಿ ಇವೆರಡಕ್ಕಿಂತ ಭಿನ್ನ. ಅವರು ಒಂದು ಮಾತ್ರೆಯನ್ನೂ ನುಂಗಲಿಲ್ಲ. ತೆಳ್ಳಗಿನ, ತುಸು ಮೂಗಿನಿಂದ ಬರುವ, ಎತ್ತರದ ದನಿಯಲ್ಲಿ ಪ್ರತಿ ಅಕ್ಷರವನ್ನೂ ಶಾಲೆಯ ಹುಡುಗ ಪಾಠ ಒಪ್ಪಿಸುವಷ್ಟು ಸ್ಪಷ್ಟವಾಗಿ ಬಿಡಿಸಿಟ್ಟು, ಪದದ ಕೊನೆಯ ಸ್ವರವನ್ನು ಮಾತ್ರ ಎಳೆದು, ನಡುಗಿಸಿ, ಒಡೆದರು. ರೆಡ್ಡಿಂಗ್ ಇಂಗ್ಲಿಷನ್ನು ಒತ್ತಿನ ಮೇಲೆ ಒಡೆದರೆ, ಕಿಯೊಶಿರೋ ಜಪಾನಿಯನ್ನು ಸ್ವರಾಂತ್ಯದಲ್ಲಿ ಒಡೆದರು. ಹೀಗಾಗಿ ಅವರ ಹಾಡನ್ನು ಮೊದಲ ಬಾರಿ ಕೇಳಿದವರಿಗೂ ಪದಗಳು ಪೂರ್ತಿ ತಿಳಿಯುತ್ತಿದ್ದವು, ಕೇಳಿದ್ದು ಮಾತ್ರ ಸೋಲ್ ಆಗಿತ್ತು.

ಜಾನಪದದ ವೇಷ, ಕತ್ತಲೆಯ ವರ್ಷಗಳು

ಈ ಗಾಯನ ಪಕ್ವವಾಗುವ ಮೊದಲು ತಂಡ ಬಹಳ ದೂರ ಅಲೆದಿತ್ತು. ಮಾಧ್ಯಮಿಕ ಶಾಲೆಯ ಗೆಳೆಯರೊಂದಿಗೆ ಕಟ್ಟಿದ ‘ಕ್ಲೋವರ್’ ಒಡೆದು, ಅದರಲ್ಲಿ ಉಳಿದವರ ತಂಡವಾಗಿ, ಆ ಉಳಿದವರ ಉತ್ತರಾಧಿಕಾರಿ ತಂಡವಾಗಿ 1968ರಲ್ಲಿ ಹುಟ್ಟಿದ ಆರ್‌ಸಿ ಸಕ್ಸೆಷನ್‌ನ ಹೆಸರಿನಲ್ಲಿ ಆ ಅಲೆದಾಟದ ಗುರುತೇ ಇದೆ. 1970ರಲ್ಲಿ ಮೊದಲ ಧ್ವನಿಮುದ್ರಿಕೆ ಹೊರತಂದಾಗ ಅದು ಮೂವರ ತಂಡ. ವಿದ್ಯುತ್ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಎರಡು ಮರದ ಗಿಟಾರ್ ಮತ್ತು ಆಳೆತ್ತರದ ಮರದ ಬಾಸ್ ಮಾತ್ರ. ಆಗ ಜಪಾನಿನಲ್ಲಿ ವಿದ್ಯಾರ್ಥಿ ಚಳವಳಿಯ ಜೊತೆಗೆ ಬೆಳೆದ ‘ಫೋಕ್’ ಗೀತೆಗಳ ಕಾಲ ನಡೆಯುತ್ತಿದ್ದುದರಿಂದ ತಂಡವನ್ನೂ ಆ ಸಾಲಿಗೇ ಸೇರಿಸಿದರು, ಆದರೆ ಮರದ ಗಿಟಾರ್‌ಗಳನ್ನು ಅವರು ಬಾರಿಸುತ್ತಿದ್ದ ರಭಸ ರಿದಮ್ ಆಂಡ್ ಬ್ಲೂಸ್‌ನದಾಗಿತ್ತು. ಶಿಬುಯ ಬಡಾವಣೆಯ ಇಗರ್ಜಿಯೊಂದರ ನೆಲಮಾಳಿಗೆಯಲ್ಲಿದ್ದ ‘ಜಾನ್‌ಜಾನ್’ ಎಂಬ ಪುಟ್ಟ ರಂಗಮಂದಿರ ಅವರ ಮುಖ್ಯ ನೆಲೆ. 1972ರಲ್ಲಿ ಪ್ರೌಢಶಾಲೆಯ ಚಿತ್ರಕಲೆಯ ಮೇಷ್ಟರನ್ನು ಕುರಿತ ‘ನನಗಿಷ್ಟದ ಮೇಷ್ಟರು’ ಎಂಬರ್ಥದ ಹಾಡು ಜನಪ್ರಿಯವಾಯಿತು. ಸಹೋದ್ಯೋಗಿಗಳ ಕೋಣೆಗೆ ಹೋಗದೆ ಒಬ್ಬರೇ ಸಿಗರೇಟು ಸೇದುತ್ತ ಕೂರುವ ಆ ಮೇಷ್ಟರ ಚಿತ್ರದಲ್ಲಿ, ದೊಡ್ಡ ಮಾತಾಡದೆ ಸಣ್ಣ ಸಂಗತಿಯನ್ನು ನಂಬಿ ಬರೆಯುವ ಕವಿಯೊಬ್ಬ ಆಗಲೇ ಕಾಣುತ್ತಾನೆ.

ಆ ಜಯದ ನಂತರ ಬಂದದ್ದು ದೀರ್ಘವಾದ ಕತ್ತಲೆ. ಗಾಯಕ ಇನೊಉಎ ಯೋಸುಇ ಅವರೊಂದಿಗೆ ಕಿಯೊಶಿರೋ ಕೂಡಿ ಬರೆದ ಎರಡು ಹಾಡುಗಳು 1973ರ ಕೊನೆಯಲ್ಲಿ ಬಂದ ಯೋಸುಇ ಅವರ ‘ಹಿಮದ ಲೋಕ’ ಎಂಬರ್ಥದ ಆಲ್ಬಂನಲ್ಲಿ ಸೇರಿ, ಆ ಆಲ್ಬಂ 10 ಲಕ್ಷ ಪ್ರತಿಗಳ ಮಾರಾಟ ಕಂಡ ಮೊದಲ ಜಪಾನಿ ಎಲ್‌ಪಿ ಎಂದು ಹೆಸರಾಯಿತು. ಅವರದೇ ತಂಡಕ್ಕೆ ಮಾತ್ರ ನಿರ್ವಹಣಾ ಸಂಸ್ಥೆಗಳ ನಡುವಿನ ಕರಾರಿನ ತೊಡಕುಗಳಿಂದಾಗಿ ಕೆಲಸವಿಲ್ಲದೆ, ಧ್ವನಿಮುದ್ರಿಸಿದ ಹಾಡುಗಳು ಬಿಡುಗಡೆಯಾಗದೆ ದಿನಗಳು ಉರುಳಿದವು. ಈ ಅವಧಿಯಲ್ಲಿ ರೂಪುಗೊಂಡ ಆಲ್ಬಂ ‘ಸಿಂಗಲ್ ಮ್ಯಾನ್’. ಯೋಸುಇ ಅವರ ಆಲ್ಬಂಗೂ ವಾದ್ಯ ಸಂಯೋಜನೆ ಮಾಡಿದ್ದ ಹೋಶಿ ಕತ್ಸು ಇದರ ಸಂಯೋಜಕರು. ಕ್ಯಾಲಿಫೋರ್ನಿಯದ ಓಕ್ಲೆಂಡ್‌ನ ಟವರ್ ಆಫ್ ಪವರ್ ತಂಡದ ಹಾರ್ನ್ ವಿಭಾಗ, ಅಂದರೆ ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಊದುವವರ ಗುಂಪು, ಇದರಲ್ಲಿ ನುಡಿಸಿತು. ಹಾರ್ನ್ ವಿಭಾಗ ಸೋಲ್ ಸಂಗೀತದಲ್ಲಿ ಅಲಂಕಾರವಲ್ಲ. ಇಗರ್ಜಿಯಲ್ಲಿ ಬೋಧಕನ ಮಾತಿಗೆ ಸಭೆ ಕೊಡುವ ಮರುದನಿಯ ಜಾಗವನ್ನು ಅದು ತುಂಬುತ್ತದೆ. ಅಮೆರಿಕದ ಪ್ರಥಮ ದರ್ಜೆಯ ವಾದಕರು ಕುನಿತಚಿಯ ಹುಡುಗನ ಜಪಾನಿ ಹಾಡಿಗೆ ಹೀಗೆ ಮರುದನಿ ಕೊಟ್ಟದ್ದು ತಂಡಕ್ಕೆ ಕೆಲಸವೇ ಇಲ್ಲದ ವರ್ಷಗಳಲ್ಲಿ ಎಂಬುದು ಈ ಚರಿತ್ರೆಯ ಅತ್ಯಂತ ಮನಮುಟ್ಟುವ ಸಂಗತಿ.

ಹಾಡು

‘ಸ್ಲೋ ಬ್ಯಾಲಡ್’ ಎಂಬುದು ಸಂಗೀತದ ಒಂದು ಬಗೆಯ ಹೆಸರು. ನಿಧಾನ ಗತಿಯ ಪ್ರೇಮಗೀತೆ ಎಂದು ಅದರ ಅರ್ಥ. ಹಾಡಿನ ಕಥೆ ಬಹಳ ಚಿಕ್ಕದು. ಒಬ್ಬ ಹುಡುಗ, ಒಬ್ಬಳು ಹುಡುಗಿ, ನಗರಸಭೆಯ ಆಟದ ಮೈದಾನದ ಪಕ್ಕದಲ್ಲಿ ವಾಹನ ನಿಲ್ಲಿಸುವ ಜಾಗ, ಒಂದು ಕಾರು. ರಾತ್ರಿಯನ್ನು ಅವರು ಅಲ್ಲಿಯೇ ಕಳೆಯುತ್ತಾರೆ, ಕಾರಿನ ರೇಡಿಯೊದಲ್ಲಿ ನಿಧಾನದ ಪ್ರೇಮಗೀತೆಯೊಂದು ಹರಿದುಬರುತ್ತದೆ, ನಿದ್ದೆ ಮತ್ತು ಕನಸಿನ ನಡುವೆ ಹಾಡು ಮುಗಿಯುತ್ತದೆ. ಜಗಳವಿಲ್ಲ, ಅಗಲಿಕೆಯಿಲ್ಲ, ಮದುವೆಯ ಮಾತಿಲ್ಲ. ಅವರು ಯಾಕೆ ಕಾರಿನಲ್ಲಿ ಮಲಗಬೇಕಾಯಿತು, ಮನೆಯವರು ಏನೆಂದಾರು, ನಾಳೆ ಏನು ಎಂಬ ಪ್ರಶ್ನೆಗಳಿಗೆ ಹಾಡು ಉತ್ತರಿಸುವುದಿಲ್ಲ. ಕೆಟ್ಟದ್ದೇನೋ ಆದೀತೆಂಬ ಭಯ ಆ ರಾತ್ರಿ ಅವರಿಗಿರಲಿಲ್ಲ ಎಂಬುದಷ್ಟೇ ಅದಕ್ಕೆ ಮುಖ್ಯ. ಆದರೆ ಭಯವಿರಲಿಲ್ಲ ಎಂದು ಹೇಳುವ ದನಿಯೇ ಒಡೆದು ಬರುವುದರಿಂದ, ಆ ನೆಮ್ಮದಿ ಎಷ್ಟು ತೆಳುವಾದದ್ದು ಎಂಬುದು ಕೇಳುಗರಿಗೆ ಮಾತಿಲ್ಲದೆಯೇ ಗೊತ್ತಾಗುತ್ತದೆ.

ಈ ಚಿಕ್ಕ ಕಥೆಯ ಒಂದೊಂದು ವಿವರಕ್ಕೂ ಅದರ ಕಾಲದ ಚರಿತ್ರೆ ಅಂಟಿಕೊಂಡಿದೆ. ಟೊಯೋಟ ಕೊರೊಲ್ಲ ಮತ್ತು ನಿಸ್ಸಾನ್ ಸನ್ನಿ ಕಾರುಗಳು ಮಾರುಕಟ್ಟೆಗೆ ಬಂದ 1966ನ್ನು ಜಪಾನಿನಲ್ಲಿ ಸ್ವಂತ ಕಾರಿನ ಮೊದಲ ವರ್ಷವೆಂದು ಕರೆಯುತ್ತಾರೆ. ಅದಾಗಿ ಹತ್ತು ವರ್ಷಗಳಲ್ಲಿ, ತೆಳುಗೋಡೆಯ ಇಕ್ಕಟ್ಟಿನ ಮನೆಗಳಲ್ಲಿ ತಮ್ಮದೆನ್ನುವ ಕೋಣೆಯಿಲ್ಲದ ತರುಣರಿಗೆ ಹಳೆಯ ಕಾರು ಬಾಗಿಲು ಹಾಕಿಕೊಳ್ಳಬಹುದಾದ ಏಕೈಕ ಕೋಣೆಯಾಯಿತು. ಕುನಿತಚಿ ನಗರಸಭೆಯ ಸ್ಥಾನ ಪಡೆದದ್ದು 1967ರಲ್ಲಿ. ಟೋಕಿಯೊದ ಸುತ್ತಲಿನ ಅನೇಕ ಪಟ್ಟಣಗಳು ಅದೇ ಕಾಲದಲ್ಲಿ ನಗರಗಳಾಗಿ, ತಮ್ಮ ನಿವಾಸಿಗಳಿಗಾಗಿ ಮೈದಾನಗಳನ್ನೂ ಈಜುಕೊಳಗಳನ್ನೂ ಕಟ್ಟಿಸಿದವು. ಅಮೆರಿಕದ ಹಾಡುಗಳ ಹೆದ್ದಾರಿಯಾಗಲಿ, ಜಪಾನಿನ ಹಳೆಯ ಪ್ರೇಮಗೀತೆಗಳ ಬಂದರಾಗಲಿ, ಮಂಜು ಕವಿದ ರೈಲು ನಿಲ್ದಾಣವಾಗಲಿ ಇಲ್ಲಿಲ್ಲ. ನಗರಸಭೆ ಎಂಬ ಕಚೇರಿಯ ಪದವನ್ನು ಪ್ರೇಮಗೀತೆಗೆ ತಂದು, ತೆರಿಗೆ ಹಣದಲ್ಲಿ ಕಟ್ಟಿದ, ಯಾರದೂ ಅಲ್ಲದ, ಆದ್ದರಿಂದ ಎಲ್ಲರದೂ ಆದ ಒಂದು ಜಾಗದಲ್ಲಿ ಅದನ್ನು ನಿಲ್ಲಿಸಿದ್ದು ಈ ಹಾಡಿನ ದೊಡ್ಡ ಧೈರ್ಯ.

ನುಡಿಯ ದೃಷ್ಟಿಯಿಂದಲೂ ಹಾಡು ಗಮನಾರ್ಹ. ಇಂಗ್ಲಿಷಿನ ‘ಸ್ಲೋ ಬ್ಯಾಲಡ್’ ಮೂರು ಉಚ್ಚಾರಾಂಶಗಳಲ್ಲಿ ಮುಗಿದುಹೋಗುವ ಪದಗುಚ್ಛ. ಜಪಾನಿಗಳ ಬಾಯಲ್ಲಿ ಅದು ‘ಸುರೋ ಬರಾಡೊ’ ಆಗಿ ಏಳು ಮಾತ್ರೆಗಳಷ್ಟು ಉದ್ದವಾಗುತ್ತದೆ. ಕಾರಿನ ರೇಡಿಯೊವನ್ನು ಹೇಳುವ ‘ಕಾರಜಿಒ’ ಐದು ಮಾತ್ರೆ. ಐದು ಮತ್ತು ಏಳು ಮಾತ್ರೆಗಳ ಘಟಕಗಳು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಜಪಾನಿನ ತಂಕ ಪದ್ಯಗಳ ಅಳತೆ. ಹೊರಗಿನಿಂದ ಬಂದ ಎರಡು ಪದಗಳು ಆ ಅಳತೆಗೆ ಹೊಂದಿದ್ದು ಆಕಸ್ಮಿಕವೇ ಇರಬಹುದು, ಆದರೆ ಅವು ಎಷ್ಟರ ಮಟ್ಟಿಗೆ ಜಪಾನಿ ಪದಗಳಾಗಿಬಿಟ್ಟಿದ್ದವು ಎಂಬುದಕ್ಕೆ ಅದು ಸಾಕ್ಷಿ. ಕಿಯೊಶಿರೋ ಅವುಗಳನ್ನು ಇಂಗ್ಲಿಷಿನಂತೆ ಹಾಡಲು ಹೋಗದೆ ಆ ಏಳೂ ಮಾತ್ರೆಗಳನ್ನು ಬಿಡಿಸಿ ಹಾಡುವಾಗ, ಸೋಲ್ ಎಂಬುದು ಅಮೆರಿಕದಿಂದ ಬಂದ ಸರಕಾಗಿ ಉಳಿಯದೆ ಕಾರಿನೊಳಗಿನ ಆ ಇಬ್ಬರ ರಾತ್ರಿಯ ಭಾಗವಾಗುತ್ತದೆ. ಹಾಡಿನೊಳಗೆ ರೇಡಿಯೊದಲ್ಲಿ ಕೇಳಿಬರುವ ಹಾಡೂ, ಕೇಳುಗರು ಕೇಳುತ್ತಿರುವ ಹಾಡೂ ಒಂದೇ ಹೆಸರಿನವು; ದೂರದಿಂದ ಬಂದ ಗೀತೆಯನ್ನು ಕೇಳುತ್ತಿದ್ದ ತಲೆಮಾರು ಅದೇ ಗೀತೆಯನ್ನು ತಾನೇ ಹಾಡುವ ಗಳಿಗೆ ಅಲ್ಲಿ ಅಡಗಿದೆ.

ಮರೆಯಾಗಿ ಮರಳಿದ್ದು

1976ರ ಏಪ್ರಿಲ್‌ನಲ್ಲಿ ಬಂದ ‘ಸಿಂಗಲ್ ಮ್ಯಾನ್’ ಹೆಚ್ಚು ಮಾರಾಟವಾಗದೆ ಮುದ್ರಣ ನಿಂತುಹೋಯಿತು. ಆ ಕಾಲದಲ್ಲಿ ಮುದ್ರಣ ನಿಂತ ಎಲ್‌ಪಿ ಎಂದರೆ ಇಲ್ಲವಾದ ಎಲ್‌ಪಿ. ಕೊಂಡವರ ಮನೆಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಇರುತ್ತಿರಲಿಲ್ಲ. ಆಲ್ಬಂ ಮರಳಿ ಬಂದದ್ದು ಕೇಳುಗರಿಂದ. ಸಂಗೀತ ವಿಮರ್ಶಕಿ ಯೊಶಿಮಿ ಯೂಕೊ ಅವರ ಮುಂದಾಳುತನದಲ್ಲಿ ಅದರ ಮರುಬಿಡುಗಡೆಗಾಗಿಯೇ ಒಂದು ಸಮಿತಿ ಹುಟ್ಟಿಕೊಂಡಿತು. ಕಂಪನಿಯನ್ನು ಒಪ್ಪಿಸಿ 1979ರಲ್ಲಿ ಮೊದಲು ಸೀಮಿತ ಸಂಖ್ಯೆಯ ಪ್ರತಿಗಳನ್ನು ಮಾಡಿಸಿ ಮಾರಲಾಯಿತು, 1980ರಲ್ಲಿ ಪಾಲಿಡಾರ್ ಕಂಪನಿ ಅದನ್ನು ಅಧಿಕೃತವಾಗಿ ಮತ್ತೆ ಹೊರತಂದಿತು. ಮಾರುಕಟ್ಟೆ ಕೈಬಿಟ್ಟದ್ದನ್ನು ಕೇಳುಗರು ಸಂಘಟಿತರಾಗಿ ಮರಳಿ ಪಡೆದ ಈ ಪ್ರಸಂಗ ಜಪಾನಿನ ರಾಕ್ ಚರಿತ್ರೆಯಲ್ಲಿ ಒಂದು ಮೇಲ್ಪಂಕ್ತಿ.

ಅಷ್ಟರಲ್ಲಿ ತಂಡವೂ ಬದಲಾಗಿತ್ತು. ಹಿಂದೆ ಫುರುಇದೊ ಎಂಬ ಫೋಕ್ ಜೋಡಿಯಲ್ಲಿದ್ದ ಗಿಟಾರ್ ವಾದಕ ನಕಾಇದೊ ರೇಇಚಿ ಸೇರಿಕೊಂಡರು, ಡ್ರಮ್ಸ್ ಮತ್ತು ವಿದ್ಯುತ್ ವಾದ್ಯಗಳು ಬಂದವು, ಕಿಯೊಶಿರೋ ಕೂದಲನ್ನು ಮೇಲಕ್ಕೆ ನಿಲ್ಲಿಸಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಹೊಳೆಯುವ ಉಡುಪಿನಲ್ಲಿ ಕುಣಿಯತೊಡಗಿದರು. ಅಟ್ಟ ಎಂಬ ಅರ್ಥದ ‘ಯನೆಉರ’ ಎಂಬ ಹೆಸರಿನ ಶಿಬುಯದ ಲೈವ್ ಹೌಸ್, ಅಂದರೆ ನೂರಿನ್ನೂರು ಜನ ನಿಂತು ಸಂಗೀತ ಕೇಳುವ ಚಿಕ್ಕ ಪ್ರದರ್ಶನಾಲಯ, ಈ ಹೊಸ ರೂಪದ ತೊಟ್ಟಿಲಾಯಿತು. 1980ರ ಜನವರಿಯಲ್ಲಿ ಬಂದ ‘ಮಳೆ ನಿಂತ ರಾತ್ರಿಯ ಆಕಾಶಕ್ಕೆ’ ಎಂಬರ್ಥದ ಹಾಡು, ಅದೇ ವರ್ಷದ ಏಪ್ರಿಲ್‌ನಲ್ಲಿ ಕುಬೊ ಕೋಡೋ ಸಭಾಂಗಣದಲ್ಲಿ ಮುದ್ರಿಸಿ ಜೂನ್‌ನಲ್ಲಿ ಹೊರತಂದ ‘ರ್‍ಯಾಪ್ಸೊಡಿ’ ಆಲ್ಬಂ ಮತ್ತು 1981ರ ಡಿಸೆಂಬರ್ 24ರ ಬುದೋಕಾನ್ ಪ್ರದರ್ಶನ, ಇವು ತಂಡವನ್ನು ದೇಶದ ಮುಂಚೂಣಿಗೆ ತಂದವು. ಹೊಸ ಕೇಳುಗರು ಹಳೆಯ ‘ಸ್ಲೋ ಬ್ಯಾಲಡ್’ ಅನ್ನು ಹುಡುಕಿಕೊಂಡು ಹೋದಾಗ ಅದು ಅಂಗಡಿಯಲ್ಲಿ ಸಿಕ್ಕಿದ್ದಕ್ಕೆ ಆ ಸಮಿತಿಯೇ ಕಾರಣ.

ಮೆಂಫಿಸ್‌ಗೆ ಮರುಪಯಣ

ಕಿಯೊಶಿರೋ ಅವರ ನಂತರದ ಬದುಕಿನಲ್ಲಿ ಸಂಘರ್ಷಗಳು ಹಲವು. 1988ರಲ್ಲಿ ಪರಮಾಣು ವಿದ್ಯುತ್ ಮತ್ತು ಯುದ್ಧದ ವಿರುದ್ಧ ಜಪಾನಿ ಪದಗಳನ್ನು ಹಳೆಯ ಇಂಗ್ಲಿಷ್ ಹಾಡುಗಳಿಗೆ ಹೊಂದಿಸಿ ಮಾಡಿದ ‘ಕವರ್ಸ್’ ಆಲ್ಬಂನ್ನು ತೊಶಿಬ ಇಎಂಐ ಕಂಪನಿ, ಆಲ್ಬಂ ಅತಿಯಾಗಿ ಚೆನ್ನಾಗಿರುವುದರಿಂದ ಬಿಡುಗಡೆ ಮಾಡಲಾಗದು ಎಂಬ ಜಾಹೀರಾತನ್ನು ಪತ್ರಿಕೆಗಳಲ್ಲಿ ಕೊಟ್ಟು ತಡೆಹಿಡಿಯಿತು; ಅದರ ಮಾತೃಸಂಸ್ಥೆ ಪರಮಾಣು ಸ್ಥಾವರಗಳನ್ನು ತಯಾರಿಸುತ್ತಿತ್ತು. ಆಲ್ಬಂ ಆ ವರ್ಷದ ಆಗಸ್ಟ್ 15ರಂದು, ಜಪಾನ್ ಯುದ್ಧ ನಿಲ್ಲಿಸಿದ ದಿನದಂದೇ, ಬೇರೊಂದು ಕಂಪನಿಯಿಂದ ಹೊರಬಂದು ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. 2011ರ ಮಾರ್ಚ್‌ನಲ್ಲಿ ಫುಕುಶಿಮದ ಪರಮಾಣು ದುರಂತ ನಡೆದಾಗ, ಹಾಡಿದವರು ಇಲ್ಲವಾಗಿ ಎರಡು ವರ್ಷಗಳಾಗುತ್ತಿದ್ದ ಹೊತ್ತಿನಲ್ಲಿ, ಆ ಹಾಡುಗಳನ್ನು ಜನ ಮತ್ತೆ ಹುಡುಕಿ ಕೇಳಿದರು.

ಈ ಹೋರಾಟಗಳು ಪ್ರಸಿದ್ಧವಾದಷ್ಟು ಅವರ ಮೆಂಫಿಸ್ ಪ್ರಯಾಣ ಪ್ರಸಿದ್ಧವಲ್ಲ, ಆದರೆ ಈ ಹಾಡಿನ ಚರಿತ್ರೆಗೆ ಅದೇ ಹೆಚ್ಚು ಹತ್ತಿರ. ಆರ್‌ಸಿ ಸಕ್ಸೆಷನ್ 1990ರ ಕೊನೆಗೆ ಕೆಲಸ ನಿಲ್ಲಿಸಿದ ಮೇಲೆ, 1992ರಲ್ಲಿ ಕಿಯೊಶಿರೋ ಮೆಂಫಿಸ್‌ಗೆ ಹೋಗಿ, ಹಿಂದೆ ರೆಡ್ಡಿಂಗ್ ಅವರಿಗೆ ನುಡಿಸಿದ್ದ ಬುಕರ್ ಟಿ. ಜೋನ್ಸ್, ಸ್ಟೀವ್ ಕ್ರಾಪರ್ ಮತ್ತು ಡೊನಾಲ್ಡ್ ಡನ್ ಅವರೊಂದಿಗೆ ಜಪಾನಿ ಭಾಷೆಯಲ್ಲೇ ಹಾಡಿ ‘ಮೆಂಫಿಸ್’ ಎಂಬ ಆಲ್ಬಂ ಮಾಡಿದರು. ಆ ನಗರ ಅವರನ್ನು ಗೌರವ ನಾಗರಿಕರನ್ನಾಗಿ ಮಾಡಿಕೊಂಡಿತು. 2006ರಲ್ಲಿ ನ್ಯಾಶ್‌ವಿಲ್‌ನಲ್ಲಿ ಕ್ರಾಪರ್ ಅವರ ನಿರ್ಮಾಣದಲ್ಲಿ ‘ಯುಮೆಸುಕೆ’ ಆಲ್ಬಂ ಮಾಡಿದ ಅದೇ ವರ್ಷದ ಜುಲೈನಲ್ಲಿ ಅವರಿಗೆ ಗಂಟಲಿನ ಕ್ಯಾನ್ಸರ್ ಇರುವುದು ಬಹಿರಂಗವಾಯಿತು. ಹಾಡುಗಾರನಿಗೆ ಗಂಟಲೇ ಬದುಕು. ಚಿಕಿತ್ಸೆಯ ನಂತರ 2008ರ ಫೆಬ್ರವರಿ 10ರಂದು ಬುದೋಕಾನ್‌ನಲ್ಲಿ ಅವರು ಮರಳಿ ಬಂದು ಹಾಡಿದರು, ಆದರೆ ಕೆಲವೇ ತಿಂಗಳಲ್ಲಿ ರೋಗ ಮೂಳೆಗೆ ಹರಡಿರುವುದು ತಿಳಿಯಿತು. ಮರುವರ್ಷದ ಮೇ 2ರಂದು, 58ನೆಯ ವಯಸ್ಸಿನಲ್ಲಿ, ಅವರು ಕೊನೆಯುಸಿರೆಳೆದರು. ಸಾವಿನ ನಂತರ, ಜೂನ್‌ನಲ್ಲಿ ಹೊರಬಂದ ಅವರ ಹಾಡಿನ ಹೆಸರು ‘ಓ! ರೇಡಿಯೊ’. 1976ರಲ್ಲಿ ಕಾರಿನೊಳಗಿದ್ದ ರೇಡಿಯೊ, 1980ರ ‘ಟ್ರಾನ್ಸಿಸ್ಟರ್ ರೇಡಿಯೊ’ದಲ್ಲಿ ಶಾಲೆಯ ತಾರಸಿಗೇರಿ, ಹೀಗೆ ಅವರ ಜೊತೆಗೇ ಕೊನೆಯವರೆಗೆ ಬಂದಿತ್ತು.

ಟೋಕಿಯೊದ ಅಒಯಮ ಅಂತ್ಯಸಂಸ್ಕಾರ ಮಂದಿರದಲ್ಲಿ 2009ರ ಮೇ 9ರಂದು ನಡೆದ ವಿದಾಯಕ್ಕೆ 40 ಸಾವಿರಕ್ಕೂ ಹೆಚ್ಚು ಜನ ಸಾಲುಗಟ್ಟಿದರು. ಕುನಿತಚಿ ಮತ್ತು ಕೊಕುಬುಂಜಿಗಳ ಗಡಿಯಲ್ಲಿರುವ ತಮರಾನ್ ಎಂಬ ಏರುದಾರಿಯ ಕಲ್ಲಿನ ಗೋಡೆಯ ಬಳಿ ಹೂವುಗಳು ಸೇರತೊಡಗಿದವು, ಯಾಕೆಂದರೆ 1981ರ ಆಲ್ಬಂ ಒಂದರಲ್ಲಿ ಕಿಯೊಶಿರೋ ಆ ಏರನ್ನು ಹೆಸರಿಸಿ ಹಾಡಿದ್ದರು. ‘ಸ್ಲೋ ಬ್ಯಾಲಡ್’ನ ಕೇಳುಗರಿಗೆ ಹೂವಿಡಲು ಅಂಥ ಗೋಡೆಯಿಲ್ಲ, ಆ ಮೈದಾನ ಯಾವ ನಗರದ್ದೆಂದು ಹಾಡು ಹೇಳುವುದೇ ಇಲ್ಲ. ಆ ಹೆಸರನ್ನು ಹೇಳದೆ ಬಿಟ್ಟದ್ದರಿಂದಲೇ, ಜಪಾನಿನಲ್ಲಿ ನಗರಸಭೆಯೊಂದು ಮೈದಾನ ಕಟ್ಟಿಸಿ ಪಕ್ಕದಲ್ಲಿ ನಾಲ್ಕು ಕಾರು ನಿಲ್ಲುವಷ್ಟು ಜಾಗ ಬಿಟ್ಟಿರುವ ಎಲ್ಲ ಊರುಗಳಲ್ಲೂ ಆ ರಾತ್ರಿ ನಡೆದಿರಬಹುದು, ಇಂದು ರಾತ್ರಿ ಮತ್ತೆ ನಡೆಯಬಹುದು.